ಲಾರಿಗೊಂದು ಕಾಲ್ಕಟ್ಟು

ಕಾರಾ-ಬಾಲ್ತಾ, ಜೂನ್ 5

ಬುರುಲ್ ಅಕ್ಕನಿಗೆ ಸಲಾಂ.

ಕುರಿಗಳು ಚೆನ್ನಾಗಿವೆಯೇ? ಕುದುರೆಗಳು? ಅಪ್ಪ? ನೀನು? ಮೊದಲು ಕುರಿಗಳನ್ನು ವಿಚಾರಿಸದಿದ್ದರೆ ಅಪ್ಪ ಅಲ್ಲಿಗೇ ಪತ್ರ ಓದುವುದನ್ನು ನಿಲ್ಲಿಸಿಬಿಡುತ್ತಾರೆಂದು ಗೊತ್ತಿದ್ದೇ ಹೀಗೆ ಶುರು ಮಾಡಿದ್ದೇನೆ. ನಿಮ್ಮ ಕಣಿವೆಗೆ ಫೋನು ಹಿಡಿಯುವ ತನಕ ಕುದುರೆ ಹಾಲಿನ ಹುಳಿ ಕುಮಿಸ್ ಸಾಗಿಸುವ ತಾಷ್ಟಾನ್ ಮಾಮನ ಗಾಡಿಯೇ ನಮಗೆ ಅಂಚೆ.

ಬ್ರೆಡ್ಡಿನ ಗಾಡಿ ಬಿಟ್ಟು ಸಿಮೆಂಟ್ ಲಾರಿ ಹಿಡಿದದ್ದು ನಿನಗೆ ಗೊತ್ತು. ಗೊತ್ತಿಲ್ಲದ ಸುದ್ದಿ ಎಂದರೆ ಈ ವಾರದಿಂದ ನಾನು ಗೂಬೆಯಾಗಿದ್ದೇನೆ. ಗಡಿಯ ಆಚೆ ಬಿಸಿಲಿಗೆ ಡಾಂಬರು ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಆದ್ದರಿಂದ ಬೇಸಿಗೆ ಮುಗಿಯುವವರೆಗೆ ಭಾರದ ಗಾಡಿಗಳಿಗೆ ಹಗಲು ರಸ್ತೆಯಿಲ್ಲ. ಕತ್ತಲಾದ ಮೇಲೆ ಹೊರಡಬೇಕು, ಬಿಸಿಲೇರುವುದರೊಳಗೆ ಶಿಮ್‌ಕೆಂಟ್ ಮುಟ್ಟಬೇಕು. ತಡವಾದರೆ ರಸ್ತೆಬದಿಯಲ್ಲೇ ಸಂಜೆಯವರೆಗೆ ಬಿಸಿಲು ಕಾಯುತ್ತ ಬಿದ್ದಿರಬೇಕು.

ಮಾಲೀಕ ಮೊದಲೇ ಹೇಳಿದ್ದಾನೆ. "ರಾತ್ರಿ ಗಾಡಿ ಎಲ್ರ ಕೈಲೂ ಆಗಲ್ಲ ಕಣೋ ಜೆನಿಶ್. ಈ ಬೇಸಿಗೆ ತಡ ಮಾಡದೆ ಓಡಿಸಿದ್ರೆ ಲಾರಿ ನಿಂದು. ಇಲ್ಲ ಅಂದ್ರೆ ನಿನ್ನ ಬನ್ನು ಬ್ರೆಡ್ಡು ನಿನ್ನ ಕಾಯ್ಕೊಂಡೇ ಇರತ್ತೆ" ಎಂದು ಎಲ್ಲರೆದುರೇ ಹಲ್ಲು ಕಿರಿದ.

ಆದರೆ ಅಕ್ಕ, ರಾತ್ರಿ ಎಂದರೆ ಏನೂ ಇಲ್ಲದ ಹೊತ್ತು ಎಂದುಕೊಂಡಿದ್ದೆ ನಾನು. ತಪ್ಪು. ಅದೊಂದು ಬೇರೆಯೇ ಊರು. ಡಾಂಬರು ಬೆಚ್ಚಗಿರುತ್ತದೆಂದು ಮುಳ್ಳುಹಂದಿಗಳು ಮರಿಗಳನ್ನು ಕಟ್ಟಿಕೊಂಡು ರಸ್ತೆಗೆ ಬರುತ್ತವೆ. ಕಾಲುವೆಗೆ ನೀರು ಬಿಡುವವನು ಗುದ್ದಲಿ ಹೆಗಲಿಗಿಟ್ಟು ತನ್ನಷ್ಟಕ್ಕೆ ಜಗಳವಾಡುತ್ತ ನಡೆಯುತ್ತಾನೆ. ಒಂದೊಂದು ಊರನ್ನೂ ನಾನೀಗ ಮೂಗಿನಿಂದಲೇ ಗುರುತಿಸಬಲ್ಲೆ. ಎದುರು ಬರುವ ಲಾರಿಯವರು ದೀಪ ಮಿಟುಕಿಸಿ ಸಲಾಂ ಹೇಳುತ್ತಾರೆ, ಹಗಲಲ್ಲಿ ಮುಖ ತಿರುಗಿಸಿಕೊಂಡು ಹೋಗುವವರೇ! ಎರಡು ಗಂಟೆ ದಾಟಿದ ಮೇಲೆ ಮಾತ್ರ ಒಂದು ವಿಚಿತ್ರ. ರಸ್ತೆಯ ನಡುವೆ ಇಲ್ಲದ ಕುರಿಮಂದೆ ಕಾಣಿಸುತ್ತದೆ. ನಾನು ಬ್ರೇಕು ಒತ್ತುವಷ್ಟರಲ್ಲಿ ಅದು ಕರಗಿಹೋಗುತ್ತದೆ.

ಅಪ್ಪ ಮೂವತ್ತು ವರ್ಷ ರಾತ್ರಿ ಕುದುರೆ ಕಾಯ್ದವರು. ಹೇಗೆ ಎಚ್ಚರವಾಗಿರುತ್ತಿದ್ದರು? ಅವರನ್ನು ಕೇಳಿ ಬರಿ. ತಮಾಷೆಗಲ್ಲ, ನಿಜವಾಗಿ ತಿಳಿಯಬೇಕಾಗಿದೆ.

ನಿನ್ನ ತಮ್ಮ,
ಜೆನಿಶ್

*

ಸೂಸಾಮಿರ್, ಜೂನ್ 12

ಗೂಬೆಗೆ,

ಕುರಿಗಳು ಚೆನ್ನಾಗಿವೆ. ಕುದುರೆಗಳು ಚೆನ್ನಾಗಿವೆ. ಅಪ್ಪ ಅತಿಯಾಗಿ ಚೆನ್ನಾಗಿದ್ದಾರೆ. ನಾನು ಬೆಳಗಿನಿಂದ ಐದು ಸಲ ಕುದುರೆ ಹಾಲು ಕರೆದು, ಸಂಜೆಗೆ ಕುಮಿಸ್ ಕಡೆದು ತೋಳು ಬಿದ್ದುಹೋಗಿ ಕೂತಿದ್ದೇನೆ. ನನ್ನನ್ನು ನಾಲ್ಕನೆಯದಾಗಿ ಕೇಳಿದ್ದು ನೆನಪಿಟ್ಟುಕೊಳ್ಳುತ್ತೇನೆ.

ನಿನ್ನ ಪತ್ರವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರ ಕನ್ನಡಕದ ಒಂದು ಗಾಜು ಒಡೆದಿರುವುದರಿಂದ ಎಲ್ಲ ಪತ್ರಗಳೂ ಅವರ ಕಿವಿಯಿಂದಲೇ ಹಾದು ಹೋಗಬೇಕು. ನೀನು ಬರೆಯುವುದೂ ಅಷ್ಟೇ, ನಾನು ಬರೆಯುವುದೂ ಅಷ್ಟೇ. ನಿನ್ನ ಪ್ರಶ್ನೆ ಬಂದ ಕೂಡಲೇ ಅವರು ನೆಟ್ಟಗೆ ಕೂತರು.

"ನಿದ್ದೆನಾ? ನಂಗಾ? ಮೂವತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ದಿದೀನಿ. ಒಂದು ರಾತ್ರಿ, ಒಂದೇ ಒಂದು ರಾತ್ರಿ ರೆಪ್ಪೆ ಮುಚ್ಚಿದ್ರೆ ಹೇಳು. ಕೇಳು, ಆ ತೋಳಗಳನ್ನೇ ಹೋಗಿ ಕೇಳು!"

"ತೋಳಗಳನ್ನ ಆಮೇಲೆ ಕೇಳ್ತೀನಿ. ಹೇಗೆ ಅಂತ ಹೇಳಿ ಅಪ್ಪ, ಹುಡುಗ ಕೇಳ್ತಿದಾನೆ" ಎಂದೆ.

ಅದಕ್ಕೆ ಅವರು ಅರ್ಧ ದಿನ ಯೋಚಿಸಿ ಹೇಳಿದ್ದು ಇದು: ಹೊಟ್ಟೆ ತುಂಬ ತಿನ್ನಬಾರದು. ನಡುಪಟ್ಟಿ ಬಿಗಿಯಾಗಿ ಕಟ್ಟಬೇಕು. ದವಡೆಯಲ್ಲಿ ಸದಾ ಒಂದು ಒಣಮೊಸರಿನ ಉಂಡೆ, ಕುರುತ್, ಇರಬೇಕು, ಕಚ್ಚಬಾರದು, ಚೀಪಬೇಕು. ಬೆನ್ನಿಗೆ ಗಾಳಿ ಬೀಳುವ ಹಾಗೆ ಕೂರಬೇಕು. ಮತ್ತು ಒಬ್ಬೊಬ್ಬರೇ ಸತ್ತವರ ಹೆಸರು ಹೇಳಿಕೊಳ್ಳುತ್ತ ಹೋಗಬೇಕಂತೆ, ಅವರ ಮುಂದೆ ತೂಕಡಿಸಲು ನಾಚಿಕೆಯಾಗುತ್ತದಂತೆ. ಕೊನೆಗೆ, "ನನ್ನ ರಕ್ತ ಅಲ್ವಾ, ಅವ್ನಿಗೆ ತಾನಾಗೇ ಬರತ್ತೆ" ಎಂದು ಸೇರಿಸಿದರು.

ಒಂದು ಚೀಲ ಕುರುತ್ ಕಳಿಸಿದ್ದೇನೆ. ಅಮ್ಮನ ಕಪ್ಪು ಉಣ್ಣೆ ಜಮಖಾನವನ್ನೂ ಕಳಿಸಿದ್ದೇನೆ. ಅದನ್ನು ಕಿಟಕಿಗೆ ಮೊಳೆಯಿಂದ ಹೊಡೆದು ಹಗಲು ಮಲಗು. ನೀನು ರಾತ್ರಿಯ ಬಗ್ಗೆ ಎರಡು ಪುಟ ಬರೆದಿದ್ದೀಯ, ಹಗಲು ಎಷ್ಟು ಹೊತ್ತು ಮಲಗುತ್ತೀಯೆಂದು ಒಂದು ಸಾಲೂ ಇಲ್ಲ. ಅದನ್ನು ಬರಿ.

ಬುರುಲ್

*

ಶಿಮ್‌ಕೆಂಟ್, ಜೂನ್ 21

ಅಕ್ಕ,

ಜಮಖಾನ ಕಿಟಕಿಗೆ ಹೊಡೆದೆ. ಕೋಣೆ ಗುಹೆಯಾಯಿತು. ಬೆಳಗಿನ ಒಂಬತ್ತಕ್ಕೆ ಮಲಗಿದೆ. ಒಂಬತ್ತೂಕಾಲಿಗೆ ಮೇಲಿನ ಮನೆಯವನು ಗೋಡೆ ಕೊರೆಯಲು ಶುರು ಮಾಡಿದ. ಅವನು ನಿಲ್ಲಿಸಿದಾಗ ನಮ್ಮ ಮಗಳು ಅಳಲು ಶುರು ಮಾಡಿದಳು. ಅವಳಮ್ಮ ಮೀರಿಮ್ ಅವಳನ್ನು ಎತ್ತಿಕೊಂಡು ಹೊರಗೆ ಹೋದಳು. ಆಗ ಎಷ್ಟು ಸದ್ದಿಲ್ಲದೆ ಹೋಯಿತೆಂದರೆ, ಏನಾಯಿತೋ ಎಂದು ನಾನೇ ಎದ್ದು ಕೂತೆ. ಮಗಳು ಮಾತ್ರ ನಾನಿಲ್ಲದ ರಾತ್ರಿಗಳಲ್ಲಿ ಉಸಿರೆತ್ತದೆ ಮಲಗುತ್ತಾಳಂತೆ. ಈ ಮನೆಯ ನಿದ್ದೆಯನ್ನೆಲ್ಲ ಅವಳೇ ಗುತ್ತಿಗೆ ಹಿಡಿದಂತಿದೆ.

ಶಿಮ್‌ಕೆಂಟ್‌ನಲ್ಲಿ ಲಾರಿಯ ಕೆಳಗೆ ಚಾಪೆ ಹಾಸಿ ಮಲಗುತ್ತೇವೆ. ನೆರಳು ಸರಿದ ಹಾಗೆ ನಾವೂ ಸರಿಯಬೇಕು. ಹಳಬರಿಗೆ ನಿದ್ದೆಯಲ್ಲೇ ಸರಿಯುವುದು ಗೊತ್ತು! ಮಲಗಿದಲ್ಲೇ ಹೊರಳಿ ಹೊರಳಿ ನೆರಳಿನ ಜೊತೆ ಹೋಗುತ್ತಾರೆ. ಎಷ್ಟು ನೋಡಿದರೂ ಆ ವಿದ್ಯೆ ನನಗೆ ತಿಳಿಯಲಿಲ್ಲ, ಏಕೆಂದರೆ ಅವರನ್ನು ನೋಡುತ್ತ ಕೂತದ್ದರಿಂದ ನಾನು ಮಲಗಲೇ ಇಲ್ಲ.

ಅಪ್ಪನ ಉಪಾಯಗಳನ್ನೆಲ್ಲ ಮಾಡಿ ನೋಡಿದೆ. ಕುರುತ್ ಬಾಯಲ್ಲಿಟ್ಟುಕೊಂಡರೆ ಬಾಯಿ ಎಚ್ಚರವಾಗಿರುತ್ತದೆ, ಕಣ್ಣಿಗೆ ಅದರ ಸುದ್ದಿ ಮುಟ್ಟುವುದಿಲ್ಲ. ನಡುಪಟ್ಟಿ ಬಿಗಿದದ್ದಕ್ಕೆ ಗಡಿಯಲ್ಲಿ ಕಾಗದ ನೋಡುವವನು, "ಹೊಟ್ಟೆನೋವಾ?" ಎಂದು ಕೇಳಿದ. ಕಿಟಕಿ ಇಳಿಸಿ ಬೆನ್ನಿಗೆ ಗಾಳಿ ಬಿಟ್ಟುಕೊಂಡೆ, ಬೆನ್ನು ಹಿಡಿದುಕೊಂಡಿತು. ಸತ್ತವರ ಹೆಸರು ಹೇಳಿಕೊಂಡು ಹೋದೆ. ದೊಡ್ಡಜ್ಜಿಯ ಹೆಸರು ಬಂದಾಗ ಅವಳು ನನ್ನನ್ನು ತೊಡೆಯ ಮೇಲೆ ಮಲಗಿಸಿ ತಟ್ಟುತ್ತಿದ್ದದ್ದು ನೆನಪಾಗಿ ಇನ್ನಷ್ಟು ನಿದ್ದೆ ಬಂತು.

ಆದರೆ ಇದನ್ನು ಓದದೆ ಹಾರಿಸಿ ಅಪ್ಪನಿಗೆ ಹೇಳು, ಎಲ್ಲ ಕೆಲಸ ಮಾಡುತ್ತಿದೆ ಎಂದು. ಇನ್ನೂವರೆಗೆ ಒಂದು ರಾತ್ರಿಯೂ ತಡ ಮಾಡಿಲ್ಲ. ಮಾಲೀಕ ಮೊನ್ನೆ ಬೆನ್ನು ತಟ್ಟಿದ, ಹಿಡಿದುಕೊಂಡಿದ್ದ ಕಡೆಯೇ.

ಜೆನಿಶ್

*

ಸೂಸಾಮಿರ್, ಜುಲೈ 1

ಜೆನಿಶ್,

ಒಂದೇ ಪುಟ ಬರೆಯುತ್ತೇನೆ, ತಾಷ್ಟಾನ್ ಮಾಮ ಹಾರ್ನ್ ಹೊಡೆಯುತ್ತಿದ್ದಾರೆ.

ಅಪ್ಪ ಈಗ ಡೇರೆಯಿಂದ ಡೇರೆಗೆ ನಿನ್ನ ಸುದ್ದಿ ಸಾರುತ್ತ ತಿರುಗುತ್ತಿದ್ದಾರೆ. ನಿನ್ನೆ ಕುಮಿಸ್ ಕುಡಿಯಲು ಬಂದ ಪ್ರವಾಸಿಗಳನ್ನೂ ಬಿಡಲಿಲ್ಲ. "ನನ್ನ ಮಗ ರಾತ್ರಿಯೆಲ್ಲ ಲಾರಿ ಓಡಿಸ್ತಾನೆ. ಥೇಟ್ ನನ್ನ ಹಾಗೆ. ನಿದ್ದೆ ಅನ್ನೋದು ಅವನ ಹತ್ರ ಸುಳಿಯಲ್ಲ!" ಅವರಿಗೆ ನಮ್ಮ ಭಾಷೆ ಬರುವುದಿಲ್ಲ, ಆದರೂ ತಲೆಯಾಡಿಸಿದರು.

ಹಗಲು ಎಷ್ಟು ಹೊತ್ತು ಮಲಗುತ್ತೀಯೆಂದು ಕೇಳಿದ್ದೆ. ಮೇಲಿನ ಮನೆಯವನ ಕಥೆ ಹೇಳಿದೆ, ನೆರಳಿನ ಕಥೆ ಹೇಳಿದೆ. ಕಥೆ ಚೆನ್ನಾಗಿತ್ತು. ಉತ್ತರ ಎಲ್ಲಿ?

ಬುರುಲ್

*

ಕಾರಾ-ಬಾಲ್ತಾ, ಜುಲೈ 9

ಅಕ್ಕ, ಸಲಾಂ.

ಚೆನ್ನಾಗಿದ್ದೇನೆ. ಕೆಲಸ ಜೋರು. ಒಂದು ಮೂಟೆ ಕರಬೂಜ ಕಳಿಸಿದ್ದೇನೆ. ರಸ್ತೆಬದಿಯ ಹೊಲದ್ದು, ಸಕ್ಕರೆ ಸಕ್ಕರೆ. ಕೆಲವು ದಾರಿಯಲ್ಲಿ ಬಿರುಕು ಬಿಟ್ಟಿರಬಹುದು, ಮೊದಲು ಅವನ್ನೇ ತಿಂದು ಮುಗಿಸಿ. ಎಡಗಡೆಯ ಕನ್ನಡಿಗೆ ಕಲ್ಲು ಬಡಿದು ಒಡೆಯಿತು, ಹೊಸದು ಹಾಕಿಸಿದೆ. ಬೇರೆ ವಿಶೇಷವಿಲ್ಲ.

ಅಪ್ಪನಿಗೆ ಸಲಾಂ. ಕುರಿಗಳಿಗೂ.

ಜೆ.

*

ಸೂಸಾಮಿರ್, ಜುಲೈ 14

ಪ್ರೀತಿಯ ತಮ್ಮ ಜೆನಿಶ್‌ಗೆ,

ಕರಬೂಜ ತಲುಪಿದವು. ತುಂಬ ಸಿಹಿಯಾಗಿದ್ದವು. ನಿನಗೆ ಒಳ್ಳೆಯದಾಗಲಿ.

ಈ ಪತ್ರ ಕೈಸೇರಿದ ಕೂಡಲೇ ಮೇಲೆ ಬಾ. ಕೆಲಸ ಇದ್ದೇ ಇರುತ್ತದೆ, ಮಾಲೀಕನಿಗೆ ಹೇಳಿ ಬಾ. ಒಬ್ಬನೇ ಬರಬೇಡ. ಚಿಕ್ಕಪ್ಪನ ಮಗ ಕಾದಿರನನ್ನು ಜೊತೆಗೆ ಕರೆದುಕೊಂಡು, ಅವನ ಕಾರಿನಲ್ಲೇ ಬಾ. ನೀನು ಓಡಿಸಬೇಡ, ಅವನೇ ಓಡಿಸಲಿ. ಗಾಬರಿಯಾಗುವಂಥದ್ದು ಏನೂ ಇಲ್ಲ ಎಂದು ಮೀರಿಮ್‌ಗೆ ಹೇಳು.

ಅಪ್ಪ ಆರಾಮವಾಗಿದ್ದಾರೆ. ಅವರ ಬಗ್ಗೆ ಚಿಂತೆ ಬೇಡ.

ಬೆಚ್ಚಗಿನ ಬಟ್ಟೆ ಹಾಕಿಕೊಂಡು ಬಾ. ನಾವೆಲ್ಲ ನಿನಗಾಗಿ ಕಾಯುತ್ತಿರುತ್ತೇವೆ.

ನಿನ್ನ ಅಕ್ಕ,
ಬುರುಲ್

*

ಕಾರಾ-ಬಾಲ್ತಾ, ಜುಲೈ 16

ಅಕ್ಕ,

ಕಾದಿರನ ಕಾರಿಗೆ ಚಕ್ರ ಹಾಕಿಸುತ್ತಿದ್ದಾರೆ. ತಾಷ್ಟಾನ್ ಮಾಮ ನಮಗಿಂತ ಮುಂಚೆ ಹೊರಡುತ್ತಾರೆಂದು ಇದನ್ನು ಅವರ ಕೈಗೆ ಕೊಡುತ್ತಿದ್ದೇನೆ. ನಾನು ಬರುವ ಮೊದಲೇ ನಿನ್ನ ಕೈಸೇರಲಿ.

ನೀನು ಬರೆಯದಿದ್ದರೂ ಅರ್ಥವಾಯಿತು. ನಮ್ಮಲ್ಲಿ ಯಾರು ಇಂಥ ಸುದ್ದಿಯನ್ನು ದೂರ ಇರುವವನಿಗೆ ಕಾಗದದಲ್ಲಿ ಬರೆದಿದ್ದಾರೆ? ಕರೆಸಿಕೊಳ್ಳುತ್ತಾರೆ, ನಮ್ಮವರು ನಾಲ್ಕು ಜನ ಸುತ್ತ ನಿಂತ ಮೇಲೆ ಹೇಳುತ್ತಾರೆ. ಚಿಕ್ಕಪ್ಪ ಹೋದಾಗ ಕಾದಿರನಿಗೂ ನಾವು ಇದನ್ನೇ ಬರೆದಿದ್ದೆವು, ಒಬ್ಬನೇ ಬರಬೇಡ ಎಂದು. ನೀನು ಒಂದು ಸಲವೂ ನನ್ನನ್ನು ಬೈದಿಲ್ಲ. ಅಪ್ಪ ಹೇಳಿಸಿದ ಒಂದು ಮಾತೂ ಪತ್ರದಲ್ಲಿಲ್ಲ. ಓದುತ್ತ ಓದುತ್ತ ಮೆಟ್ಟಿಲ ಮೇಲೇ ಕೂತೆ ಅಕ್ಕ.

ನಾನು ಬರುವವರೆಗೆ ಮಣ್ಣು ಮಾಡಬೇಡಿ. ಅಪ್ಪ ಏರುತ್ತಿದ್ದ ಬೂದು ಕುದುರೆಯನ್ನು ಯಾರಿಗೂ ಕೊಡಬೇಡಿ.

ಅಪ್ಪನ ಕಿವಿಗೆ ಬೀಳಬಾರದೆಂದು ಬಚ್ಚಿಟ್ಟದ್ದನ್ನು ಇನ್ನು ಯಾರಿಗಾಗಿ ಬಚ್ಚಿಡಲಿ? ಕನ್ನಡಿಗೆ ಕಲ್ಲು ಬಡಿಯಲಿಲ್ಲ. ನಾನು ನಿದ್ದೆ ಹೋದೆ. ಕುರಿಮಂದೆ ಕಂಡಿತು, ಅದು ಇಲ್ಲದ ಮಂದೆ ಎಂದು ಗೊತ್ತಿದ್ದರಿಂದ ಬ್ರೇಕು ಒತ್ತಲಿಲ್ಲ. ಕಣ್ಣು ತೆರೆದಾಗ ಲಾರಿ ಕರಬೂಜದ ಹೊಲದ ನಡುವೆ ಇತ್ತು. ಕಾವಲಿನ ಗುಡಿಸಲು ಲಾರಿಯ ಮೂತಿಯ ಮುಂದೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಒಳಗೆ ಒಬ್ಬ ಮುದುಕ, ಅವನ ಹೆಂಡತಿ ಮಲಗಿದ್ದರು. ಮುದುಕ ಹೊರಗೆ ಬಂದು ದೀಪ ಎತ್ತಿ ನನ್ನ ಮುಖ ನೋಡಿದ. ಬೈಯಲಿಲ್ಲ. "ನೀರು ಕುಡೀತೀಯಾ?" ಎಂದ. ಒಡೆದ ಹಣ್ಣುಗಳನ್ನು ಅವನೇ ಮೂಟೆಗೆ ತುಂಬಿಕೊಟ್ಟ. ನಿಮಗೆ ಕಳಿಸಿದ್ದು ಅದೇ.

ಅಪ್ಪ ಹೇಳಿದ್ದನ್ನೆಲ್ಲ ಮಾಡಿದೆ ಅಕ್ಕ. ನನಗೆ ಬರಲಿಲ್ಲ. ಅವರ ರಕ್ತ ನನ್ನಲ್ಲಿ ಎಲ್ಲೋ ನೀರಾಗಿದೆ. ಅವರು ಹೇಗೆ ಮೂವತ್ತು ವರ್ಷ ಎಚ್ಚರವಿದ್ದರೆಂದು ಎದುರಿಗೆ ಕೂತು ಇನ್ನೊಮ್ಮೆ ಕೇಳಬೇಕೆಂದಿದ್ದೆ.

ಜೆನಿಶ್

*

ಸೂಸಾಮಿರ್, ಜುಲೈ 23

ಅಳುಬುರುಕನಿಗೆ,

ಮೊದಲು ನಿನ್ನನ್ನು ಹೊಟ್ಟೆ ತುಂಬ ಬೈದುಬಿಡುತ್ತೇನೆ, ಹೋದ ಸಲ ಬೈಯದೆ ಆದ ಅನಾಹುತ ಸಾಕು. ಕತ್ತೆ! ಮೂರ್ಖ! ಹಣ್ಣಿನ ಮೇಲೆ ಟೈರಿನ ಅಚ್ಚು ಇಟ್ಟುಕೊಂಡು ಅಕ್ಕನಿಗೆ ಸುಳ್ಳು ಹೇಳುವವನೇ! ಮೂಟೆಯ ತಳದಲ್ಲಿದ್ದ ಕರಬೂಜವನ್ನು ತೊಳೆಯುತ್ತಿದ್ದೆ, ಕಪ್ಪು ಗೆರೆ ಹೋಗಲೇ ಇಲ್ಲ. ಬೆರಳಾಡಿಸಿ ನೋಡಿದೆ. ಆಮೇಲೆ ಒಡೆದ ಕನ್ನಡಿ ನೆನಪಾಯಿತು. ಅಲ್ಲೇ ಕಾಲುವೆಯ ದಡದಲ್ಲಿ ಕೂತುಬಿಟ್ಟೆ.

ಅಪ್ಪ ಆಗ ಪಕ್ಕದ ಕಣಿವೆಯ ಔತಣಕ್ಕೆ ಹೋಗಿದ್ದರು. ಅವರು ಇಲ್ಲದಾಗಲೇ ಬರೆದು ಕಳಿಸಬೇಕಿತ್ತು. ನೇರವಾಗಿ ಬರೆಯೋಣವೆಂದರೆ ನೀನು ಊರಲ್ಲಿ ಇರುವುದಿಲ್ಲ, ಪತ್ರ ಬಿಚ್ಚುವವಳು ಮೀರಿಮ್. ಹಸುಗೂಸಿನ ತಾಯಿಗೆ ಅದನ್ನು ಓದಿಸಲೇ? ನೀನು ಒಬ್ಬನೇ ಘಟ್ಟದ ರಸ್ತೆಯಲ್ಲಿ ತೂಕಡಿಸುತ್ತ ಬರಬಾರದೆಂದು ಕಾದಿರನನ್ನು ಕರೆದುಕೊಂಡು ಬಾ ಎಂದೆ. ಬಾಯಿಬಡುಕಿ ಅಕ್ಕ ಒಂದು ದಿನ ಮೆತ್ತಗೆ ಬರೆದರೆ ಅದಕ್ಕೆ ಹೀಗೂ ಅರ್ಥವಾಗುತ್ತದೆಂದು ಹೊಳೆಯಲಿಲ್ಲ ನನಗೆ. ನಮ್ಮವರಲ್ಲೇ ಹುಟ್ಟಿ ಬೆಳೆದವಳು ನಾನು, ನನಗೆ ಹೊಳೆಯಬೇಕಿತ್ತು.

ನಿನ್ನ ಕಣ್ಣಲ್ಲಿ ನೀರು ತುಂಬಿತ್ತು, ನಮ್ಮ ಕಡೆಯಿಂದ ಅದು ಹೇಗೆ ಕಂಡಿತೆಂದು ನಿನಗೆ ಗೊತ್ತಿಲ್ಲ. ಹೇಳುತ್ತೇನೆ ಕೇಳು.

ನಾನು ಕುದುರೆ ಹಾಲು ಕರೆಯುತ್ತಿದ್ದೆ. ದಿಬ್ಬದ ಆಚೆಯಿಂದ ಕುದುರೆ ಓಡಿಸಿಕೊಂಡು ಯಾರೋ ಗೋಳಿಡುತ್ತ ಬರುತ್ತಿದ್ದಾರೆ. ನೀನು ದಿಬ್ಬದ ಕೆಳಗೆ ಕಾದಿರನ ಕಾರು ಬಿಟ್ಟು ಯಾರದೋ ಕುದುರೆ ಏರಿದ್ದು ಆಮೇಲೆ ತಿಳಿಯಿತು. "ಅಯ್ಯೋ ಅಪ್ಪಾ! ಬೆಟ್ಟದಂಥ ನನ್ನಪ್ಪಾ!" ಸಾವಿನ ಮನೆಗೆ ಬರುವ ಗಂಡಸರು ಇಡುವ ಗೋಳು. ಅದು ಕಿವಿಗೆ ಬಿದ್ದ ಮೇಲೆ ಯಾರು ಸತ್ತರೆಂದು ಕೇಳುತ್ತ ನಿಲ್ಲುವವರು ನಮ್ಮಲ್ಲಿ ಯಾರಿದ್ದಾರೆ? ಎಲ್ಲ ಡೇರೆಗಳಿಂದ ಗಂಡಸರು ಹೊರಬಂದು ಸಾಲಾಗಿ ನಿಂತು ಗೋಳು ತೆಗೆದರು. ಹೆಂಗಸರು ಒಳಗಿನಿಂದ ದನಿ ಎತ್ತಿದರು. ನಾಯಿಗಳೂ ಸೇರಿಕೊಂಡವು. ಅಪ್ಪ ಟೋಪಿ ಸರಿಮಾಡಿಕೊಂಡು ಎಲ್ಲರಿಗಿಂತ ಮುಂದೆ ನಿಂತು ಎಲ್ಲರಿಗಿಂತ ಜೋರಾಗಿ ಅತ್ತರು, ಹಿರಿಯರಲ್ಲವೇ! ನೀನು ಕುದುರೆಯಿಂದ ಬಿದ್ದು, ಎದ್ದು, ಕಣ್ಣು ಮುಚ್ಚಿಕೊಂಡೇ ಮೊದಲು ಸಿಕ್ಕವರ ಕೊರಳಿಗೆ ಬಿದ್ದೆ. ಅವರೂ ನಿನ್ನನ್ನು ತಬ್ಬಿಕೊಂಡು ಒಂದು ಸುತ್ತು ಅತ್ತು ಮುಗಿಸಿ, ನಿನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು.

"ಮಗಾ, ಯಾರೋ ಹೋದದ್ದು?"

ನೀನು ಕಣ್ಣು ಬಿಟ್ಟು ಅವರನ್ನು ನೋಡಿದ ನೋಟವಿದೆಯಲ್ಲ, ಅದನ್ನು ಕಾದಿರ ಈಗ ದಿನಕ್ಕೆರಡು ಸಲ ಮಾಡಿ ತೋರಿಸುತ್ತಾನಂತೆ. "ನೀವು" ಎಂದೆ ನೀನು. "ನಾನಾ?" ಎಂದರು ಅಪ್ಪ. ಹಿಂದೆ ನಿಂತವರು ಇನ್ನೂ ಅಳುತ್ತಲೇ ಇದ್ದರು, ಅವರಿಗೆ ಸುದ್ದಿ ಮುಟ್ಟಿರಲಿಲ್ಲ. ಬದುಕಿರುವಾಗಲೇ ಗೋಳು ಕೇಳಿಸಿಕೊಂಡವನಿಗೆ ಆಯುಸ್ಸು ಹೆಚ್ಚೆಂದು ಅಪ್ಪ ಅವತ್ತೇ ಒಂದು ಟಗರು ಕೊಯ್ಯಿಸಿದರು. ನೀನು ಒಂದು ತುಂಡು ಮಾಂಸ ಬಾಯಿಗಿಟ್ಟವನು ಅದನ್ನು ಅಗಿಯುವಷ್ಟರಲ್ಲೇ ಹೊರಳಿ ಮಲಗಿಬಿಟ್ಟೆ. ಎರಡು ಹಗಲು, ಎರಡು ರಾತ್ರಿ. ನಿನ್ನ ಬಾಯಿಂದ ಮಾಂಸ ತೆಗೆದವಳು ನಾನು.

ಈಗ ನೀನು ಮಲಗಿದ್ದಾಗ ಆದದ್ದು.

ಮಾರನೆಯ ದಿನ ತಾಷ್ಟಾನ್ ಮಾಮ ಬಂದರು. ಅವರ ಗಾಡಿ ಘಟ್ಟದ ಕೆಳಗೇ ಕೆಟ್ಟು ನಿಂತಿತ್ತಂತೆ, ನೀವು ಕತ್ತಲಲ್ಲಿ ಅವರನ್ನು ದಾಟಿ ಬಂದಿದ್ದೀರಿ. ನಿನ್ನ ಪತ್ರ ಕೊಟ್ಟರು. "ಓದು, ನಾನು ಸತ್ತದ್ದಕ್ಕೆ ಏನು ಬರೆದಿದಾನೆ ಕೇಳೋಣ" ಎಂದು ಅಪ್ಪ ನಗುತ್ತ ಕೂತರು. ನಾನೂ ನಗುತ್ತಲೇ ಗಟ್ಟಿಯಾಗಿ ಓದತೊಡಗಿದೆ. ಮಣ್ಣು ಮಾಡಬೇಡಿ ಎಂಬಲ್ಲಿ ನಕ್ಕೆವು. ಬೂದು ಕುದುರೆ ಎಂಬಲ್ಲಿ ಅವರು ಮೂಗು ಒರೆಸಿಕೊಂಡರು. ಆಮೇಲಿನದನ್ನು ಮುಂದಾಗಿ ನೋಡಿರಲಿಲ್ಲ ನಾನು. ಬಾಯಿಂದ ಹೊರಗೆ ಬಂದೇ ಬಿಟ್ಟಿತು. ನಿಲ್ಲಿಸಲು ಹೋದೆ. "ಓದು" ಎಂದರು. ಕೊನೆಯ ಸಾಲಿನವರೆಗೂ ಓದಿಸಿದರು.

ನಂತರ ಎದ್ದು ನೀನು ಮಲಗಿದ್ದಲ್ಲಿಗೆ ಹೋಗಿ ನಿನ್ನ ತಲೆಯ ಹತ್ತಿರ ಕೂತರು. ಕುಮಿಸ್ ಕೊಟ್ಟೆ, ಮುಟ್ಟಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನನ್ನ ಮುಖ ನೋಡದೆ ಮಾತಾಡಿದರು.

"ಬುರುಲ್, ನಾನು ಮಲಗ್ತಿದ್ದೆ."

"ಯಾವಾಗ ಅಪ್ಪ?"

"ದಿನಾ. ಮೂವತ್ತು ವರ್ಷ. ನಡುರಾತ್ರಿ ಆಯ್ತು ಅಂದ್ರೆ ಜೀನಿನ ಮೇಲೇ ಮಲಗ್ಬಿಡ್ತಿದ್ದೆ. ಕುದುರೆ ಎಚ್ಚರ ಇರ್ತಿತ್ತಲ್ಲ. ಅದೇ ಮಂದೆ ಸುತ್ತ ತಿರುಗ್ತಿತ್ತು. ಹಳ್ಳ ಬಂದ್ರೆ ಅದೇ ಬಳಸಿ ಹೋಗ್ತಿತ್ತು. ತೋಳದ ವಾಸನೆ ಬಂದ್ರೆ ಗಕ್ಕನೆ ನಿಲ್ತಿತ್ತು, ಆಗ ನಾನು ಎದ್ದು ಕೂಗ್ತಿದ್ದೆ. ಬೆಳಗಾದ್ಮೇಲೆ ಎಲ್ರೂ ನನ್ನ ಹೊಗಳೋರು. ಕುದುರೆಗೆ ಬಾಯಿಲ್ಲ, ನನಗಿತ್ತು."

ಅವರು ನಿನ್ನ ಕಾಲಿನ ಮೇಲೆ ಕಂಬಳಿ ಎಳೆದರು.

"ಈ ಹುಡುಗನ ಕೆಳಗೆ ಕುದುರೆ ಇಲ್ಲ. ಕಬ್ಬಿಣ ಇದೆ. ಅವನು ಮಲಗಿದ್ರೆ ಅಲ್ಲಿ ಯಾರೂ ಎದ್ದಿರಲ್ಲ. ನಾನು ಜಂಬ ಕೊಚ್ಚಿಕೊಂಡು ಇವನನ್ನ ಹೊಲಕ್ಕೆ ನುಗ್ಗಿಸಿದೆ. ಆ ಗುಡಿಸಲು ಇನ್ನೊಂದು ಮಾರು ಈಚೆ ಇದ್ದಿದ್ರೆ?" ಅಷ್ಟು ಹೇಳಿ ಅತ್ತರು. ಹಿಂದಿನ ದಿನ ಊರಿನೆದುರು ಅತ್ತ ಹಾಗಲ್ಲ, ದನಿಯಿಲ್ಲದೆ.

"ಅವನು ಎದ್ದಾಗ ನಾನೇ ಹೇಳ್ತೀನಿ, ನೀನು ಬಾಯಿ ಬಿಡ್ಬೇಡ" ಎಂದಿದ್ದರು. ನೀನು ಎದ್ದೆ. ಅವರು ಏನು ಮಾತಾಡಿದರು ಹೇಳು? ಈ ವರ್ಷ ಹುಲ್ಲು ಗಿಡ್ಡ ಎಂದು, ಕಾದಿರನ ಕಾರು ಹೊಗೆ ಬಿಡುತ್ತದೆ ಎಂದು. ನಿನ್ನನ್ನು ಕಳಿಸಿ ದಿಬ್ಬ ದಾಟುವವರೆಗೂ ನೋಡುತ್ತ ನಿಂತು, ಆಮೇಲೆ ಒಳಗೆ ಬಂದು, "ನೀನೇ ಬರಿ. ಎಲ್ಲ ಬರಿ. ನಾನು ಕೇಳಿಸ್ಕೊಳ್ಳಲ್ಲ" ಎಂದರು. ಈಗ ಹೊರಗೆ ಕೂತಿದ್ದಾರೆ, ನಾನು ಇದನ್ನು ಓದಿ ಹೇಳಬೇಕಾಗಿಲ್ಲ.

ಪತ್ರದ ಜೊತೆಗಿರುವುದು ಬೂದು ಕುದುರೆಯ ಕಾಲ್ಕಟ್ಟು. ಅದೇ, ಮೇಯಲು ಬಿಟ್ಟಾಗ ದೂರ ಹೋಗದಂತೆ ಕಾಲುಗಳಿಗೆ ತೊಡಿಸುವ ತೊಗಲಿನ ಕಟ್ಟು. ಅವಳಿಗೆ ವಯಸ್ಸಾಯಿತು, ಬಿಟ್ಟರೂ ಡೇರೆಯ ಸುತ್ತಲೇ ಇರುತ್ತಾಳೆ, ಇನ್ನು ಅದು ಬೇಡ. ಅಪ್ಪ ಅದಕ್ಕೆ ಕೊಬ್ಬು ಸವರಿ ಮೆದು ಮಾಡಿ ಕೊಟ್ಟಿದ್ದಾರೆ. "ನಿದ್ದೆ ಬಂದ್ರೆ ಗಾಡಿಗೆ ಕಾಲ್ಕಟ್ಟು ಹಾಕಿ ಮಲಗಲಿ. ತಡ ಆದ್ರೆ ಆಗಲಿ" ಎಂದು ಬರೆಯಲು ಹೇಳಿದರು. ಇಷ್ಟು ಮಾತ್ರ ಬಾಗಿಲಲ್ಲಿ ನಿಂತು, ತಮ್ಮ ಬಾಯಿಂದಲೇ.

ಹಗಲು ಎಷ್ಟು ಹೊತ್ತು ಮಲಗುತ್ತೀಯ? ಮೂರನೇ ಸಲ ಕೇಳುತ್ತಿದ್ದೇನೆ.

ಬುರುಲ್

*

ರಸ್ತೆಬದಿ, ಕರಬೂಜದ ಹೊಲ, ಆಗಸ್ಟ್ 11

ಅಕ್ಕ,

ಉತ್ತರ ಮೊದಲು: ಮೂರು ಗಂಟೆ. ಕೆಲವು ದಿನ ಎರಡು. ಜೂನ್‌ನಿಂದ ಅಷ್ಟೇ. ಈಗ ಮೀರಿಮ್‌ಗೆ ಎಲ್ಲ ಹೇಳಿದ್ದೇನೆ. ಒಂದು ದಿನ ಮಾತು ಬಿಟ್ಟಳು, ಮರುದಿನ ಮೇಲಿನ ಮನೆಗೆ ಹೋಗಿ ಆ ಕೊರೆಯುವವನ ಹತ್ತಿರ ಏನು ಮಾತಾಡಿದಳೋ ಗೊತ್ತಿಲ್ಲ, ಅವನೀಗ ಮೆಟ್ಟಿಲಲ್ಲಿ ಸಿಕ್ಕರೆ ಪಿಸುದನಿಯಲ್ಲಿ ಸಲಾಂ ಹೇಳುತ್ತಾನೆ. ಈಗ ಐದು ಗಂಟೆ ಮಲಗುತ್ತೇನೆ. ಅಭ್ಯಾಸವಾಗುತ್ತಿದೆ, ಪೂರ್ತಿ ಆಗಿಲ್ಲ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ಮೊದಲು ಅಪ್ಪನ ಮೇಲೆ ಸಿಟ್ಟು ಬಂತು. ನಡುಪಟ್ಟಿ ಬಿಗಿದುಕೊಂಡು, ಗಾಳಿಗೆ ಬೆನ್ನು ಕೊಟ್ಟು, ಸತ್ತವರನ್ನೆಲ್ಲ ಎಬ್ಬಿಸಿ ಕೂರಿಸಿಕೊಂಡು ನಾನು ಪಟ್ಟ ಪಾಡೇನು! ಆಮೇಲೆ ಅಪ್ಪ ಜೀನಿನ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುವುದು, ಕುದುರೆ ಪಾಪ ಹಳ್ಳ ಬಳಸಿ ಹೋಗುವುದು ಕಣ್ಣಿಗೆ ಕಟ್ಟಿತು. ಲಾರಿಯಲ್ಲಿ ಒಬ್ಬನೇ ಕೂತು ನಕ್ಕೆ. ನಕ್ಕ ಮೇಲೆ, ನನ್ನ ತಲೆಯ ಹತ್ತಿರ ಕೂತು ಅವರು ಅತ್ತದ್ದು ನೆನಪಾಗಿ ನನಗೂ ಕಣ್ಣು ತುಂಬಿತು.

ನಿನ್ನೆ ರಾತ್ರಿ ಮೂರರ ಹೊತ್ತಿಗೆ ಅದೇ ಮಂದೆ ಬಂತು. ಈ ಸಲ ಮುಂದೆ ಒಂದು ಬೂದು ಕುದುರೆಯೂ ಇತ್ತು. ನಿಜವೋ ಸುಳ್ಳೋ ಎಂದು ಯೋಚಿಸಲಿಲ್ಲ. ಲಾರಿಯನ್ನು ಬದಿಗೆ ಇಳಿಸಿ ನಿಲ್ಲಿಸಿದೆ. ಕೀಲಿ ತೆಗೆದು ಕಾಲ್ಕಟ್ಟಿನ ಒಂದು ಕುಣಿಕೆಗೆ ಸಿಕ್ಕಿಸಿದೆ, ಕಟ್ಟನ್ನು ಸ್ಟಿಯರಿಂಗಿಗೆ ಬಿಗಿದೆ. ಹಿಂದಿನಿಂದ ಬಂದ ನಮ್ಮವರು ಇಬ್ಬರು ಹಾರ್ನ್ ಹೊಡೆದು, "ಏನಪ್ಪಾ ಬ್ರೆಡ್ಡು, ಸುಸ್ತಾ?" ಎಂದು ಕೂಗಿ ಹೋದರು. ಹೋಗಲಿ ಎಂದುಕೊಂಡೆ.

ಕಿಟಕಿ ತಟ್ಟಿದ ಸದ್ದಿಗೆ ಎಚ್ಚರವಾಯಿತು. ಸೂರ್ಯ ಮೇಲೆ ಬಂದಿದ್ದ. ಕೆಳಗೆ ಆ ಹೊಲದ ಮುದುಕ ನಿಂತಿದ್ದ. ನಾನು ಎಲ್ಲಿ ನಿಲ್ಲಿಸಿದ್ದೇನೆಂದು ಕತ್ತಲಲ್ಲಿ ನೋಡಿರಲೇ ಇಲ್ಲ ನೋಡು.

"ಈ ಸಲ ರಸ್ತೆ ಮೇಲೇ ನಿಂತಿದೀಯಲ್ಲ ಮಾರಾಯ! ನಮ್ಮ ಹಣ್ಣು ರುಚಿ ಇರ್ಲಿಲ್ವಾ?" ಎಂದ. ಸ್ಟಿಯರಿಂಗಿಗೆ ಕಟ್ಟಿದ ತೊಗಲನ್ನು ನೋಡಿ, "ಅದೇನು?" ಎಂದು ಕೇಳಿದ.

"ಕುದುರೆ ಕಾಲ್ಕಟ್ಟು ಅಜ್ಜ. ನಮ್ಮಪ್ಪ ಕಳ್ಸಿದಾರೆ. ಗಾಡಿ ಓಡಿಹೋಗದ ಹಾಗೆ."

ಅವನು ನಗಲಿಲ್ಲ. ಅದನ್ನು ಮುಟ್ಟಿ ನೋಡಿ, "ಬುದ್ಧಿವಂತ ಅಪ್ಪ" ಎಂದ.

ರಸ್ತೆ ಮುಚ್ಚುವ ಹೊತ್ತಾಗಿತ್ತು, ಸಂಜೆಯವರೆಗೆ ಇಲ್ಲೇ. ಮಾಲೀಕನಿಗೆ ಫೋನ್ ಮಾಡಿದೆ. ಕಿವಿ ಕೆಂಪಾಗುವಷ್ಟು ಬೈದ. "ನಿದ್ದೆ ಬಂತು ಅಂತ ನಿಲ್ಲಿಸಿದ್ಯಾ? ಇನ್ನೊಂದ್ಸಲ ಹೀಗೆ ಮಾಡಿದ್ರೆ ಬ್ರೆಡ್ಡಿನ ಗಾಡಿಗೇ ಹೋಗ್ತೀಯ ನೋಡು!" ಎಂದ.

"ಹೋಗ್ತೀನಿ" ಎಂದೆ. "ಆದ್ರೆ ನಿದ್ದೆ ಬಂದ್ರೆ ನಿಲ್ಲಿಸೋದೇ." ಅವನು ಫೋನ್ ಇಟ್ಟ. ಲಾರಿ ನನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ ಅಕ್ಕ. ತಿಳಿದಾಗ ಬರೆಯುತ್ತೇನೆ.

ಈಗ ಮುದುಕನ ಗುಡಿಸಲಲ್ಲಿ ಕೂತು ಬರೆಯುತ್ತಿದ್ದೇನೆ. ಇದರ ಗೋಡೆ ಎಷ್ಟು ತೆಳು ಗೊತ್ತೇ? ಹುಲ್ಲು, ಮೇಲೆ ಒಂದು ಕೈ ಮಣ್ಣು. ಒಳಗಿನಿಂದ ನೋಡಿದ ಮೇಲೆಯೇ ನನಗೆ ನಿಜವಾದ ಹೆದರಿಕೆ ಬಂದದ್ದು. ಅಜ್ಜಿ ಚಹಾ ಕೊಟ್ಟು, ತಾನು ಮಲಗುವ ಜಾಗದಲ್ಲೇ ನನಗೆ ಹಾಸಿಗೆ ಹಾಸಿದ್ದಾಳೆ. "ನೀನು ಮಲ್ಕೋ, ನಾವು ಎದ್ದಿರ್ತೀವಿ" ಎಂದು ಇಬ್ಬರೂ ಹೊರಗೆ ಹೋಗಿದ್ದಾರೆ. ಇನ್ನು ಮಲಗುತ್ತೇನೆ.

ಇದನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳು. ನಾನು ನಿದ್ದೆ ಹೋದದ್ದು, ಗಾಡಿ ನಿಂತೇ ಇದ್ದದ್ದು, ಎಲ್ಲವನ್ನೂ. ಮತ್ತೆ ಅವರು ಡೇರೆಯಿಂದ ಡೇರೆಗೆ ಹೋಗಲಿ. ಈ ಸಲ ಯಾವ ಹೆದರಿಕೆಯೂ ಇಲ್ಲದೆ ಹೇಳಿಕೊಳ್ಳಲಿ, ಮಗ ಥೇಟ್ ನನ್ನ ಹಾಗೆ ಎಂದು.

ಜೆನಿಶ್